ಅವ್ವ ಹಿಡಿಯದ ಹೆಸರು

ನನ್ನ ಅವ್ವ ಅಪ್ಪನ ಹೆಸರನ್ನು ಬಾಯಲ್ಲಿ ಹಿಡಿದವಳಲ್ಲ. ನಮ್ಮ ಕಡೆ ಆ ವಯಸ್ಸಿನ ಹೆಂಗಸರು ಯಾರೂ ಹಿಡಿಯುವುದಿಲ್ಲ. ಆದರೂ ಮದುವೆ ಮನೆಯಲ್ಲಿ ನಾಲ್ಕು ಜನ ಒತ್ತಾಯ ಮಾಡಿದರೆ ಒಂದು ಒಡಪು ಕಟ್ಟಿ, ಪ್ರಾಸದ ನಡುವೆ ಗಂಡನ ಹೆಸರು ತೂರಿಸಿ ನಕ್ಕುಬಿಡುತ್ತಾರೆ. ಅವ್ವ ಅದಕ್ಕೂ ಸಿಗುತ್ತಿರಲಿಲ್ಲ. ಒಡಪಿನ ಮಾತು ಬಂದ ಕೂಡಲೇ ಸೆರಗು ಬಾಯಿಗೆ ಹಿಡಿದು ಒಳಗೆ ಓಡುವಳು. ನಮ್ಮೂರು ಬೋರಾಮಣಿಯಲ್ಲಿ ಮನೆಯ ಕಟ್ಟೆಯ ಮೇಲೆ ಹಗ್ಗ ಹೊಸೆಯುತ್ತ ಕೂತ ಅಪ್ಪ, "ಒಮ್ಮಿ ಅಂದ ತೋರ್ಸ, ಇಳಕಲ್ ಸೀರಿ ತರ್ತೀನಿ" ಎಂದು ಕೆಣಕುತ್ತಿದ್ದ. "ನಿಮ್ಮ ಸೀರಿ ನೀವ ಉಟ್ಕೋರಿ" ಎಂದು ಇವಳು ಒಳಗಿನಿಂದಲೇ ಅನ್ನುವಳು. ಇದು ವರ್ಷಗಟ್ಟಲೆ ನಡೆದ ಆಟ. ಮಕ್ಕಳಾದ ನಮಗೆ ಕೇಳಿ ಕೇಳಿ ಬೇಜಾರಾಗಿತ್ತು.

ಅಪ್ಪ ತೀರಿಕೊಂಡ ಮೇಲೆ ಅವ್ವ ಸೊಲ್ಲಾಪುರಕ್ಕೆ, ವಿಜಾಪುರ ರಸ್ತೆಯ ನನ್ನ ಮನೆಗೆ ಬಂದಳು. ನಾನು ಅಕ್ಕಲಕೋಟೆಯ ಒಂದು ಕನ್ನಡ ಶಾಲೆಯಲ್ಲಿ ಇತಿಹಾಸ ಕಲಿಸುತ್ತೇನೆ, ದಿನಾ ಬಸ್ಸಿನಲ್ಲಿ ಹೋಗಿ ಬರುವವಳು. ನಾವು ಕೆಲವು ಕನ್ನಡ ಓದುಗರು ತಿಂಗಳಿಗೊಮ್ಮೆ ಸೇರುತ್ತಿದ್ದೆವು. ಒಬ್ಬರು ಒಂದು ದೇಶ, ಒಂದು ವರ್ಷ ಆರಿಸಿಕೊಂಡು ಆ ವರ್ಷ ಅಲ್ಲಿನ ಜನ ಹೇಗೆ ಬದುಕಿದರು ಎಂದು ಹೇಳಬೇಕು. ನಾನು ದಕ್ಷಿಣ ಆಫ್ರಿಕಾ ಹಿಡಿದೆ, ಸಾವಿರದ ಒಂಬೈನೂರ ಹದಿಮೂರು. ಆಗ ಅದು ಬ್ರಿಟಿಷ್ ಸಾಮ್ರಾಜ್ಯದೊಳಗೇ ಇದ್ದು ತನ್ನ ಆಡಳಿತ ತಾನೇ ನಡೆಸುತ್ತಿದ್ದ ಹೊಸ ದೇಶ, ಹುಟ್ಟಿ ಮೂರು ವರ್ಷ. ನಮ್ಮ ಪಠ್ಯದಲ್ಲಿ ಅದಕ್ಕೆ ಎರಡೇ ಸಾಲು. ಒಂದು ದೇಶದ ವರ್ಷ ಎರಡು ಸಾಲಿನಲ್ಲಿ ಹೇಗೆ ಮುಗಿಯುತ್ತದೆ ನೋಡಿಯೇ ಬಿಡೋಣ ಎಂಬ ಹಟ ನನ್ನದು.

ಭಾನುವಾರ ನಾನು ಓದುತ್ತಿದ್ದರೆ ಅವ್ವ ಎದುರಿಗೆ ಮೊರ ಇಟ್ಟುಕೊಂಡು ಜೋಳ ಹಸನು ಮಾಡುತ್ತಿದ್ದಳು. "ಬಾಯಿಬಿಟ್ಟ ಓದ, ನಾನೂ ಕೇಳ್ತೀನಿ" ಎಂದಳು. ಓದಿ ಓದಿ ಹೇಳಿದೆ. ಆ ವರ್ಷ ಅಲ್ಲಿ ಒಂದು ಕಾಯ್ದೆ ಬಂತು. ಅಲ್ಲಿನ ಕರಿಯ ಜನ ತಮ್ಮದೇ ನಾಡಿನಲ್ಲಿ, ಗುರುತು ಹಾಕಿಕೊಟ್ಟ ಚೂರುಪಾರು ಜಾಗ ಬಿಟ್ಟು ಬೇರೆಲ್ಲೂ ನೆಲ ಕೊಳ್ಳುವಂತಿಲ್ಲ. ಬಿಳಿಯರ ಹೊಲದಲ್ಲಿ ಪಾಲಿಗೆ ದುಡಿಯುತ್ತಿದ್ದ ಎಷ್ಟೋ ಕುಟುಂಬಗಳು ಚಳಿಗಾಲದಲ್ಲಿ ದನ ಕುರಿ ಹೊಡೆದುಕೊಂಡು ರಸ್ತೆಗೆ ಬಿದ್ದವು. ಮೇವಿಲ್ಲದ ಕುರಿಗಳು ದಾರಿಯಲ್ಲೇ ಸತ್ತವು.

ಮೊರದ ಮೇಲೆ ಅವ್ವನ ಕೈ ನಿಂತಿತು. ಹುಟ್ಟಿದಾಗಿನಿಂದ ಕುರಿ ಕಂಡವಳು. "ಜಡ್ಡು ಬಂದ ಸಾಯ್ತಾವ, ತೋಳ ಬಂದ ಸಾಯ್ತಾವ. ಮಂದಿ ಕಾಯ್ದೆ ಮಾಡಿ ಕುರಿ ಸಾಯಸ್ತಾರೇನ?" ಎಂದಳು.

ಅದಕ್ಕಿಂತ ದೊಡ್ಡ ಪೆಟ್ಟು ಮುಂದಿತ್ತು. ಅದೇ ವರ್ಷ ಅಲ್ಲಿನ ಒಬ್ಬ ನ್ಯಾಯಾಧೀಶ ತೀರ್ಪು ಕೊಟ್ಟ: ಕ್ರೈಸ್ತ ವಿಧಿಯಲ್ಲಿ ಆದದ್ದು ಮಾತ್ರ ಮದುವೆ. ನಮ್ಮ ದೇಶದಿಂದ ಅಲ್ಲಿಗೆ ದುಡಿಯಲು, ವ್ಯಾಪಾರಕ್ಕೆ ಹೋದ ಹಿಂದೂ ಮುಸ್ಲಿಮರ ಮದುವೆಗಳು ಒಂದೇ ದಿನದಲ್ಲಿ ಮದುವೆಯಲ್ಲದೆ ಹೋದವು.

"ಮದುವಿ ಅಲ್ಲಂದ್ರ ಆ ಹೆಣ್ಮಕ್ಕಳು ಯಾರಾದ್ರು?"

"ಕಾಗದದ ಮ್ಯಾಲ ಯಾರೂ ಅಲ್ಲವ್ವ."

ಅವ್ವ ಮೊರ ಬದಿಗಿಟ್ಟಳು. "ನಮ್ಮದೂ ಬೀರೋಬಾನ ಗುಡಿ ಮುಂದ ಆಗಿದ್ದ. ಕಾಗದ ಇಲ್ಲ, ಪತ್ರ ಇಲ್ಲ" ಎಂದಳು. ನಾನು ನಕ್ಕೆ. "ಇಲ್ಲಿ ಯಾರೂ ಹಂಗ ಅನ್ನಂಗಿಲ್ಲ, ಸುಮ್ಮನಿರ" ಎಂದೆ. ಆ ಹೆಂಗಸರು ಸುಮ್ಮನೆ ಕೂರಲಿಲ್ಲ, ಕೂಸುಗಳನ್ನು ಕಂಕುಳಲ್ಲಿಟ್ಟುಕೊಂಡು ಬೀದಿಗಿಳಿದು ಜೈಲಿಗೆ ಹೋದರು ಎಂದೂ ಓದಿದೆ. "ಜೈಲಿನ್ಯಾಗ ಗಂಡನ ಹೆಸರ ಕೇಳಿರಬೇಕಲ್ಲ, ಏನಂದ್ರಂತ?" ಎಂದು ಅವ್ವ ಕೇಳಿದಳು. ಅದು ಪುಸ್ತಕದಲ್ಲಿರಲಿಲ್ಲ. ಇಂಥ ಪ್ರಶ್ನೆ ನನಗೆ ಹೊಳೆದೂ ಇರಲಿಲ್ಲ.

ನಾಲ್ಕು ದಿನ ಬಿಟ್ಟು, ಅಪ್ಪನ ಹೊಲದ ಉತಾರದಲ್ಲಿ, ಅಂದರೆ ಪಹಣಿಯಲ್ಲಿ, ವಾರಸುದಾರರ ಹೆಸರು ಹಚ್ಚಿಸಲು ಅವ್ವನನ್ನು ಕರೆದುಕೊಂಡು ಕಂದಾಯ ಕಚೇರಿಗೆ ಹೋದೆ. ಅಲ್ಲಿನ ಗುಮಾಸ್ತ ಮರ್ಯಾದಸ್ಥ, ಸಾವಕಾಶ ಮಾತಾಡುವ ಮನುಷ್ಯ. ನನ್ನ ಹೆಸರು ಬರೆದ, ನನ್ನ ತಮ್ಮನ ಹೆಸರು ಬರೆದ. ಅವ್ವನ ಮತದಾರರ ಚೀಟಿ ತಿರುವಿ ನೋಡಿದ. ಆಧಾರ್ ನೋಡಿದ. ಮತ್ತೆ ಚೀಟಿ ನೋಡಿದ.

"ಪತೀಚಂ ನಾವ ವೇಗಳಂ ಆಹೇ, ಬಾಯಿ" ಎಂದ. ಗಂಡನ ಹೆಸರು ಬೇರೆ ಇದೆ ಎಂದು. ನನಗೆ ಅರ್ಥವಾಗಲಿಲ್ಲವೆಂದು ತಿಳಿದನೋ ಏನೋ, ಕನ್ನಡದಲ್ಲೇ ಹೇಳಿದ: "ಕಾಗದ ಪ್ರಕಾರ ಇವರು ಅವರ ಹೆಂಡತಿ ಅಲ್ರಿ."

ಚೀಟಿ ಕಸಿದುಕೊಂಡು ಓದಿದೆ. ಗಂಡನ ಹೆಸರಿನ ಜಾಗದಲ್ಲಿ ಸೋದರಮಾವನ ಹೆಸರಿತ್ತು. ಅವ್ವನ ಸ್ವಂತ ಅಣ್ಣ.

ಆದದ್ದು ಏನೆಂದು ಆಮೇಲೆ ವಿಚಾರಿಸಿದಾಗ ತಿಳಿಯಿತು. ಎಷ್ಟೋ ವರ್ಷದ ಹಿಂದೆ ಊರಿನ ಶಾಲೆಯಲ್ಲಿ ಚೀಟಿಗೆ ಫೋಟೋ ತೆಗೆಯುವಾಗ ಅಪ್ಪ ಕುರಿ ಹಿಂಡಿನ ಜೊತೆ ಮಂದ್ರೂಪದ ಕಡೆ ಹೋಗಿದ್ದ. ಇಂಡಿ ತಾಲೂಕಿನ ತನ್ನ ಹಳ್ಳಿಯಿಂದ ಬಂದಿದ್ದ ಮಾವ ಅವ್ವನ ಜೊತೆಗೆ ಹೋದ. ಬರೆಯುವವನು ಮರಾಠಿಯಲ್ಲಿ ಗಂಡನ ಹೆಸರು ಕೇಳಿದ. ಅವ್ವ ಹೇಳುವವಳಲ್ಲ, ನೀ ಹೇಳು ಎಂದು ಅಣ್ಣನ ಕಡೆ ಕೈ ತೋರಿಸಿದಳು. ಮಾವನಿಗೆ ಮರಾಠಿ ಬಾರದು, ತನ್ನ ಹೆಸರು ಕೇಳುತ್ತಿದ್ದಾರೆಂದು ತಿಳಿದು ಗಟ್ಟಿಯಾಗಿ ತನ್ನದನ್ನೇ ಹೇಳಿದ. ಆ ಚೀಟಿ ನೋಡಿಯೇ ಆಮೇಲೆ ಆಧಾರ್ ಮಾಡಿದರು. ದೇಶ ದೇಶದ ಇತಿಹಾಸ ಓದುವ ನಾನು ಅವ್ವನ ಚೀಟಿಯನ್ನು ಒಂದು ದಿನ ಓದಿರಲಿಲ್ಲ. ನಾಚಿಕೆಯಾಗಬೇಕು ನನ್ನ ಓದಿಗೆ.

ಚೀಟಿಯಲ್ಲಿ ಏನಿದೆ ಎಂದು ಕಚೇರಿಯಲ್ಲೇ ಅವ್ವನಿಗೆ ಹೇಳಿದೆ. "ಅಣ್ಣನ ಹೆಸರ ಬರದಾರ?" ಎಂದು ಎರಡು ಸಲ ಕೇಳಿದಳು. ಬಾಯಿಗೆ ಸೆರಗು ಹಿಡಿದಳು, ಆದರೆ ಓಡಲು ಒಳಮನೆ ಇರಲಿಲ್ಲ. "ಹೊಲ ಬ್ಯಾಡ ನನಗ, ನೀವಿಬ್ರು ಹಚ್ಕೋರಿ. ಆದ್ರ ನಾ ಅವರಿಗಿ ಯಾರೂ ಅಲ್ಲಂತ ಬರೀಬ್ಯಾಡ ಅನ್ನು ಅವಗ" ಎಂದಳು. ನನಗೆ ಸಿಟ್ಟೂ ಬಂತು, ಅಳುವೂ ಬಂತು. ಅಷ್ಟು ಧೈರ್ಯವಾಗಿ ಸುಮ್ಮನಿರು ಎಂದಿದ್ದವಳು ನಾನೇ.

ಗುಮಾಸ್ತ ಒಂದು ದಾರಿ ಹೇಳಿದ. ಊರಿನ ಇಬ್ಬರು ಹಿರಿಯರು ಸಾಕ್ಷಿಗೆ ಬರಬೇಕು, ಅವ್ವ ಆ ಕಚೇರಿಯ ಸಾಹೇಬರ ಮುಂದೆ ತನ್ನ ಬಾಯಿಂದ ಹೇಳಿಕೆ ಕೊಡಬೇಕು. ಮುಂದಿನ ವಾರ ಹೋದೆವು. ಅಪ್ಪ ಅವ್ವನ ಮದುವೆಯ ಊಟ ಉಂಡ ಇಬ್ಬರು ಅಜ್ಜಂದಿರು ರುಮಾಲು ಸುತ್ತಿಕೊಂಡು ಬಂದು ಹೇಳಿ ಸಹಿ ಮಾಡಿದರು. ಆಮೇಲೆ ಸಾಹೇಬ ಅವ್ವನ ಕಡೆ ತಿರುಗಿ ಗಂಡನ ಹೆಸರು ಕೇಳಿದ.

ಅವ್ವ ನೆಲ ನೋಡಿದಳು. ನಾನು ಬಾಯಿ ತೆರೆದೆ. ಗುಮಾಸ್ತ ಕೈ ಅಡ್ಡ ಮಾಡಿ, "ನೀವಲ್ರಿ ಅಕ್ಕಾರ, ಅವರ ಹೇಳ್ಬೇಕು" ಎಂದ. ಒಂದು ಒಡಪಾದರೂ ಹಾಕು ಎಂದು ಅವಳ ಕಿವಿಯಲ್ಲಿ ಹೇಳಿದೆ. ಅವಳು ನನ್ನ ಕೈ ಸರಿಸಿದಳು, ಸೆರಗನ್ನು ಬಾಯಿಂದ ತೆಗೆದಳು, ತಲೆ ಎತ್ತಿ ಅಪ್ಪನ ಹೆಸರು ಹೇಳಿದಳು. ಒಡಪಿಲ್ಲ, ಪ್ರಾಸವಿಲ್ಲ. ಅಪ್ಪನ ಹೆಸರು, ಅವನ ಅಪ್ಪನ ಹೆಸರು, ಮನೆತನದ ಹೆಸರು. ಆ ಹೆಸರನ್ನು ಅವಳ ದನಿಯಲ್ಲಿ ನಾನು ಮೊದಲ ಬಾರಿ ಕೇಳಿದ್ದು ಆಗಲೇ. ಗುಮಾಸ್ತ ತಲೆ ಎತ್ತದೆ ಬರೆದುಕೊಂಡ, ಅವ್ವನ ಹೆಸರಿನ ಮುಂದೆ ಪತ್ನಿ ಎಂದು ಬರೆದ.

ಹೊರಗೆ ಬೇವಿನ ಮರದ ಕೆಳಗೆ ಅವ್ವ ಕೂತುಬಿಟ್ಟಳು. ನೀರು ಕೊಟ್ಟೆ, ಕುಡಿಯಲಿಲ್ಲ. ಕೆಲಸ ಆಯಿತಲ್ಲವ್ವ ಎಂದೆ.

"ಜಡ್ಡಿನ್ಯಾಗ ಮಲಗಿದಾಗೂ ಕೇಳಿದ್ರು ಅವರು. ಈಗರೆ ಒಮ್ಮಿ ಅನ್ನ ಅಂತ" ಎಂದಳು. "ಅವರಿಗಿ ಹೇಳ್ಲಿಲ್ಲ ನಾ. ಇವಗ ಹೇಳಿ ಬಂದೆ."