ಸೌಸನ್ ಹೆಸರಿನ ನೀರು

ನಮ್ಮ ಬಹೀಗಾ ದೊಡ್ಡಮ್ಮನಿಗೆ ಆ ಬೇಸಿಗೆಯಲ್ಲಿ ಬೇಕಾಗಿದ್ದದ್ದು ಒಂದೇ. ಕೈರೋದ ಸಯ್ಯಿದಾ ಝೈನಬ್ ಕಡೆಯ ಒಂದು ಬೀದಿಯಲ್ಲಿ, ಇಸ್ತ್ರಿ ಅಂಗಡಿಯ ಪಕ್ಕದ ಗೋಡೆಗೆ ಅವರು ಹಾಕಿಸಿದ್ದ ಅರವಟ್ಟಿಗೆಯಿಂದ ನನ್ನ ಮಗಳು ಹನೀನ್ ಒಂದು ಲೋಟ ನೀರು ಕುಡಿಯಬೇಕು. ಮೂರು ವರ್ಷದಿಂದ ಅದನ್ನೇ ಕೇಳುತ್ತಿದ್ದರು. ನಾನೂ ಮೂರು ವರ್ಷದಿಂದ, "ಇನ್ನೂ ಚಿಕ್ಕವಳು ದೊಡ್ಡಮ್ಮ, ಮುಂದಿನ ವರ್ಷ ನೋಡೋಣ" ಎನ್ನುತ್ತಿದ್ದೆ.

ಅರವಟ್ಟಿಗೆಯೆಂದರೆ ನಮ್ಮಲ್ಲಿ ಆಳೆತ್ತರದ ಸ್ಟೀಲ್ ಪೆಟ್ಟಿಗೆ. ಒಳಗೆ ನೀರು ತಣ್ಣಗಾಗುತ್ತಿರುತ್ತದೆ. ಎದುರಿಗೆ ಎರಡು ನಲ್ಲಿ, ಸರಪಳಿಗೆ ಕಟ್ಟಿದ ಎರಡು ಲೋಟ. ಮೇಲೆ ತೀರಿಕೊಂಡವರ ಹೆಸರು. ದಾರಿಯಲ್ಲಿ ಹೋಗುವವರು ಕುಡಿಯುತ್ತಾರೆ, ಆ ಹೆಸರಿಗೆ ಒಂದು ಫಾತಿಹಾ ಪ್ರಾರ್ಥನೆ ಓದುತ್ತಾರೆ, ಬಾಯಿ ಒರೆಸಿಕೊಂಡು ಮುಂದೆ ಹೋಗುತ್ತಾರೆ. ದೊಡ್ಡಮ್ಮನ ಪೆಟ್ಟಿಗೆಯ ಮೇಲಿದ್ದದ್ದು ಅವರ ಒಬ್ಬಳೇ ಮಗಳ ಹೆಸರು. ಸೌಸನ್. ನನಗಿಂತ ಎಂಟು ತಿಂಗಳು ದೊಡ್ಡವಳು.

ಬಹೀಗಾ ದೊಡ್ಡಮ್ಮ ನನ್ನ ತಾಯಿಯ ಅಕ್ಕ. ಮಹಲ್ಲಾ ಪಟ್ಟಣದ ನೂಲಿನ ಗಿರಣಿಯಲ್ಲಿ ಮೂವತ್ತೊಂದು ವರ್ಷ ಕದಿರುಗಳ ಸಾಲಿನ ನಡುವೆ ನಿಂತವರು. ಆ ಗದ್ದಲದಲ್ಲಿ ಕಿವಿಗೆ ಕೆಲಸವಿಲ್ಲ. ಅಲ್ಲಿನ ಹೆಂಗಸರು ಒಬ್ಬರ ತುಟಿಯನ್ನು ಒಬ್ಬರು ನೋಡಿಯೇ ಮಾತಾಡಿಕೊಳ್ಳುವುದು. ಹಾಗಾಗಿ ಹೊರಗೆ ಬಂದ ಮೇಲೂ ಅವರ ದನಿ ಜೋರು, ಕಣ್ಣು ಅದಕ್ಕಿಂತ ಚುರುಕು. ಬೀದಿಯ ಆಚೆ ಬದಿಯಲ್ಲಿ ಇಬ್ಬರು ಪಿಸುಗುಟ್ಟಿದರೂ ಈಚೆ ನಿಂತು ವರದಿ ಒಪ್ಪಿಸುವರು. ಮದುವೆಯಾದ ಆರನೇ ವರ್ಷಕ್ಕೆ ಗಂಡ ತೀರಿಹೋದ. ಮಗಳಿಗೆ ಹದಿನೈದು ತುಂಬಿದಾಗ ಅವಳ ಎರಡೂ ಮೂತ್ರಪಿಂಡ ಕೈಕೊಟ್ಟವು. ವಾರಕ್ಕೆ ಮೂರು ಸಲ ಅವಳನ್ನು ರೈಲಿನಲ್ಲಿ ಕೈರೋದ ಆಸ್ಪತ್ರೆಗೆ ಕರೆತಂದು ಡಯಾಲಿಸಿಸ್ ಮಾಡಿಸಿ, ಮತ್ತೆ ಹೋಗಿ ಪಾಳಿಗೆ ನಿಲ್ಲುತ್ತಿದ್ದರು. ಎರಡು ವರ್ಷ ಹಾಗೆ ನಡೆಯಿತು.

ಮೈಯಲ್ಲಿ ನೀರು ನಿಲ್ಲುತ್ತದೆ, ದಿನಕ್ಕೆ ನಾಲ್ಕು ಟೀ ಲೋಟಕ್ಕಿಂತ ಒಂದು ತೊಟ್ಟೂ ಹೆಚ್ಚು ಕೊಡಬೇಡಿ ಎಂದು ಡಾಕ್ಟರು ಹೇಳಿದ್ದರು. ದೊಡ್ಡಮ್ಮ ಅಳೆದು ಕೊಟ್ಟರು. ಕೊನೆಯ ಆಗಸ್ಟಿನಲ್ಲಿ, ಗೋಡೆ ಮುಟ್ಟಿದರೆ ಕೈ ಸುಡುವ ದಿನಗಳಲ್ಲಿ, ಸೌಸನ್ ಆಸ್ಪತ್ರೆಯ ಮಂಚದ ಮೇಲೆ ಕೂತು ಕೇಳಿದಳಂತೆ: "ಅಮ್ಮಾ, ಒಂದೇ ಒಂದು ತುಂಬಿದ ಲೋಟ. ತಣ್ಣಗಿರೋದು." ದೊಡ್ಡಮ್ಮ ಬಟ್ಟೆಯಲ್ಲಿ ಮಂಜುಗಡ್ಡೆಯ ಚೂರು ಸುತ್ತಿ ಅವಳ ತುಟಿಗೆ ಒತ್ತಿದರು. ಮಾರನೆಯ ದಿನ ಮಧ್ಯಾಹ್ನ ಸೌಸನ್ ತೀರಿಕೊಂಡಳು. ಆ ದಿನದ ನಾಲ್ಕನೇ ಲೋಟ ಇನ್ನೂ ಕೊಡುವುದಿತ್ತು.

ಗಿರಣಿಯಿಂದ ನಿವೃತ್ತರಾದ ವರ್ಷವೇ ಕೈಬಳೆ ಮಾರಿ, ಆ ಆಸ್ಪತ್ರೆಯ ಎದುರು ಬೀದಿಯಲ್ಲಿ ಪೆಟ್ಟಿಗೆ ಹಾಕಿಸಿದರು. ಇಸ್ತ್ರಿ ಅಂಗಡಿಯ ಉಸ್ತಾ ಗಾಬಿರ್ ಕರೆಂಟು ಕೊಟ್ಟ. ಅಲ್ಲಿಂದ ಪ್ರತಿ ಆಗಸ್ಟಿನಲ್ಲಿ ಒಂದು ಶುಕ್ರವಾರ, ಶನಿವಾರ ನಮ್ಮ ಮನೆಗೆ ಬರುವುದು ರೂಢಿಯಾಯಿತು. ಅಳುತ್ತ ಬರುವ ನೆಂಟರನ್ನು ಯಾರೂ ಎರಡನೇ ಸಲ ಕರೆಯುವುದಿಲ್ಲವೆಂದು ಅವರಿಗೆ ಗೊತ್ತಿತ್ತೇನೋ. ಬಾಗಿಲಲ್ಲೇ ಕೂಗುವರು: "ನುಹಾ, ರಜಕ್ಕೆ ಬಂದಿದೀನಿ ಕಣೇ! ಎರಡು ದಿನ ತಿನ್ನಬೇಕು, ಊರು ನೋಡಬೇಕು. ಒಲೆ ಹಚ್ಚಿದ್ರೆ ನೋಡು ಮತ್ತೆ." ಅವರ ಚೀಲದಲ್ಲಿ ಮಾತ್ರ ಒಂದು ದೊಡ್ಡ ಹಳೇ ಬಟ್ಟೆ, ನಿಂಬೆಹಣ್ಣು, ತಿಕ್ಕುವ ನಾರು, ನೀರು ಸೋಸುವ ಹೊಸ ಫಿಲ್ಟರ್, ಎರಡು ಹೊಸ ಲೋಟ ಇರುತ್ತಿದ್ದವು.

ಆ ವರ್ಷ ಹನೀನ್‌ಗೆ ನಾಲ್ಕೂವರೆ. ಹಿಂದಿನ ಬೇಸಿಗೆಯಲ್ಲಿ ಅವಳಿಗೆ ವಾಂತಿ ಭೇದಿ ಹತ್ತಿ ಎರಡು ದಿನ ಗ್ಲೂಕೋಸ್ ಹಾಕಿಸಿದ್ದೆವು. ನರ ಸಿಗದೆ ನಾಲ್ಕು ಕಡೆ ಚುಚ್ಚಿದ್ದರು. ಆಮೇಲೆ ನಾನು ಮನೆಯಿಂದ ಹೊರಡುವಾಗ ಕುದಿಸಿ ಆರಿಸಿದ ನೀರಿನ ಬಾಟಲಿ ಮರೆತದ್ದಿಲ್ಲ. ಹಣ್ಣು ತೊಳೆಯುವುದಕ್ಕೂ ಅದೇ ನೀರು. ನನ್ನ ಗಂಡ ತಾಮಿರ್ ನಗುತ್ತಾನೆ, ನಗಲಿ. ಆ ಎರಡು ದಿನ ಅವಳ ಕೈ ಹಿಡಿದು ಕೂತವಳು ನಾನು.

ಶುಕ್ರವಾರ ಬೆಳಿಗ್ಗೆ ಗಾಡಿಯ ಮುಂದೆ ನಿಂತು, ಕಾಳು ಬೇಯಿಸಿ ಮಸೆದ ಫೂಲ್ ತಿಂದೆವು. ದೊಡ್ಡಮ್ಮ ರೊಟ್ಟಿಯ ತುಂಡಿನಲ್ಲಿ ಬಾಚಿ ಬಾಯಿಗಿಟ್ಟು ಮುಖ ಸಿಂಡರಿಸಿದರು.

"ಮಹಲ್ಲಾ ಫೂಲ್ ಮುಂದೆ ಇದೇನಪ್ಪಾ, ಗೋಡೆಗೆ ಬಳಿಯೋ ಸುಣ್ಣ."

"ಹಾಗಾದ್ರೆ ಇದು ಮೂರನೇ ತಟ್ಟೆ ಯಾಕೆ ದೊಡ್ಡಮ್ಮ?" ಎಂದ ತಾಮಿರ್.

ಅವರು ಹೊಟ್ಟೆಯ ಮೇಲೆ ಹೊಡೆದುಕೊಂಡರು. "ಗೋಡೆ ದೊಡ್ಡದಿದೆಯಲ್ಲೋ!"

ಅಲ್ಲಿಂದ ಮುಇಝ್ ಬೀದಿ. ಕಲ್ಲಿನ ಕೆತ್ತನೆ, ಹಿತ್ತಾಳೆ ಜಾಲರಿಯ ಹಳೇ ಕಾಲದ ಅರವಟ್ಟಿಗೆಯ ಮುಂದೆ ಪ್ರವಾಸಿಗಳು ಫೋಟೋ ಹೊಡೆಸಿಕೊಳ್ಳುತ್ತಿದ್ದರು. ದೊಡ್ಡಮ್ಮ ಸೊಂಟದ ಮೇಲೆ ಕೈಯಿಟ್ಟು ನೋಡಿ, "ನೀರಿಲ್ಲ, ಬರೀ ಕಲ್ಲು. ಇದನ್ನ ನೋಡೋಕೆ ಟಿಕೆಟ್ ಬೇರೆ" ಎಂದು ಮೂಲೆಯ ಸ್ಟೀಲ್ ಪೆಟ್ಟಿಗೆಯ ಕಡೆ ನಡೆದರು. ಅವರ ಊರು ನೋಡುವುದೆಂದರೆ ಅದು. ಯಾವ ಬೀದಿಯಲ್ಲಿ ಯಾರ ಹೆಸರಿನ ಪೆಟ್ಟಿಗೆಯಿದೆಯೆಂದು ಅವರಿಗೆ ಬಾಯಿಪಾಠ. ಒಂದೊಂದರ ಮುಂದೂ ನಿಂತು, ಹೆಸರು ಓದಿ, ಅರ್ಧ ಲೋಟ ಕುಡಿದು, ಕಣ್ಣು ಮುಚ್ಚಿ ಫಾತಿಹಾ ಹೇಳುವರು. ಮುಗಿದೊಡನೆ ಶುರು:

"ಹಾಜಿ ಶುಕ್ರಿ ಈ ವರ್ಷಾನೂ ಗಟ್ಟಿಯಾಗಿದಾನೆ, ಹಲ್ಲು ಜುಮ್ ಅಂತು. ಆ ಕಡೆ ಇರೋ ಇಂಜಿನಿಯರ್ ಸಾಹೇಬ್ರು ನೋಡು, ಉಗುರುಬೆಚ್ಚಗೆ. ಬದುಕಿದ್ದಾಗಲೂ ಹೀಗೇ ಇದ್ರೋ ಏನೋ ಪಾಪ, ಹೆಂಡ್ತಿ ಹೇಗೆ ಬಾಳಿದಳೋ."

ಹನೀನ್ ಲೋಟದ ಕಡೆ ಕೈ ಚಾಚುವಳು. ನಾನು ಬಾಟಲಿ ಮುಂದಿಡುವೆ. ದೊಡ್ಡಮ್ಮ ಅದನ್ನು ನೋಡುವರು, ಮುಂದಿನ ಪೆಟ್ಟಿಗೆಯ ಕಡೆ ನಡೆಯುವರು.

ಸಂಜೆ ನೈಲ್ ನದಿಯಲ್ಲಿ ದೋಣಿ ಹತ್ತಿದೆವು. ಹಾಡು, ಬಣ್ಣದ ದೀಪ, ಹುರಿದ ಬೀಜದ ಸಿಪ್ಪೆ. ಪಕ್ಕದ ದೋಣಿಯಲ್ಲಿ ಹೊಸ ಮದುವೆಯ ಜೋಡಿ. ದೊಡ್ಡಮ್ಮ ಕಣ್ಣು ಕಿರಿದು ಮಾಡಿ ನೋಡಿ ನನ್ನ ಕಿವಿಯಲ್ಲಿ ಹೇಳಿದರು, "ಅವಳು, 'ನಿಮ್ಮಮ್ಮನ ಮನೆಗೆ ಇನ್ನು ಕಾಲಿಡಲ್ಲ' ಅಂತಿದಾಳೆ. ಅವನು ಬೀಜ ಬಿಡಿಸ್ತಾ ಹೂಂ ಅಂತಿದಾನೆ. ಬುದ್ಧಿವಂತ." ನಾನು ನಕ್ಕುಬಿಟ್ಟೆ. ಅವರೂ ನಕ್ಕರು. ಆಮೇಲೆ ದೋಣಿಯ ಅಂಚಿನಿಂದ ಕೈಯಿಳಿಸಿ ನೀರಿನಲ್ಲಿ ಆಡಿಸುತ್ತ ಬಹಳ ಹೊತ್ತು ಕೂತರು.

"ಇಷ್ಟು ನೀರು ನೋಡೇ ನುಹಾ," ಎಂದರು.

ನಾನೇ ಕೇಳಿದೆ. "ಎಲ್ಲರ ನೀರೂ ಕುಡೀತೀರ. ಸೌಸನ್‌ದು ಮಾತ್ರ ಯಾಕೆ ಒಂದು ಸಲಾನೂ ಕುಡಿಯಲ್ಲ ದೊಡ್ಡಮ್ಮ?"

"ಅವಳು ಕೇಳಿದಾಗ ನಾನು ಕೊಡಲಿಲ್ಲವಲ್ಲೇ. ಯಾವ ಬಾಯಲ್ಲಿ ಕುಡೀಲಿ?" ಎಂದರು. ಹನೀನ್ ಅವರ ತೊಡೆಯ ಮೇಲೆ ನಿದ್ದೆ ಹೋಗಿದ್ದಳು. ಅವಳ ಬೆವರಿದ ಕೂದಲು ಸರಿಸುತ್ತ ಹೇಳಿದರು: "ಇವಳದು ಪಾಪ ಅರಿಯದ ಬಾಯಿ. ನಮ್ಮ ಮನೆ ಮಗು. ಇವಳು ಕುಡಿದ್ರೆ ಅವಳೇ ಕುಡಿದ ಹಾಗೆ ಅಂತ ನಂಗೆ. ನಾಳೆ ಒಂದು ಲೋಟ ಕುಡಿಸ್ತೀಯಾ? ಫಿಲ್ಟರ್ ಹೊಸದು ತಂದಿದೀನಿ. ಲೋಟಾನೂ ಹೊಸದು."

"ಆಗಲಿ ದೊಡ್ಡಮ್ಮ," ಎಂದೆ. ಹೇಳುವಾಗ ಕುಡಿಸಬೇಕೆಂದೇ ಇತ್ತು.

ಶನಿವಾರ ಮಧ್ಯಾಹ್ನ ಅನ್ನ, ಬೇಳೆ, ಪಾಸ್ತಾ ಬೆರೆಸಿದ ಕುಶರಿ ತಿಂದು ಸೌಸನ್ ಪೆಟ್ಟಿಗೆಯ ಕಡೆ ಹೊರಟೆವು. ಬೆಳ್ಳುಳ್ಳಿ, ವಿನಿಗರ್, ಖಾರ. ಹನೀನ್ ದಾರಿಯುದ್ದಕ್ಕೂ ನಾಲಗೆ ಹೊರಗೆ ಹಾಕಿ "ನೀರು, ನೀರು" ಎನ್ನುತ್ತಿದ್ದಳು. "ತಡಿ ನನ್ನ ರಾಣಿ, ಇನ್ನೆರಡು ಹೆಜ್ಜೆ," ಎಂದು ದೊಡ್ಡಮ್ಮ ಅವಳ ಕೈ ಹಿಡಿದು ಬಿರಬಿರನೆ ನಡೆದರು. ಅರವತ್ತನಾಲ್ಕು ವರ್ಷದ ಹೆಂಗಸು ಹಾಗೆ ನಡೆದದ್ದು ನಾನು ನೋಡಿರಲಿಲ್ಲ.

ಉಸ್ತಾ ಗಾಬಿರ್ ಇಸ್ತ್ರಿ ಪೆಟ್ಟಿಗೆ ಬದಿಗಿಟ್ಟು ಹೊರಗೆ ಬಂದ. "ಬಂದ್ರಾ ಬಹೀಗಮ್ಮ! ನಿಮ್ಮ ಮಗಳು ಈ ಬೇಸಿಗೇಲಿ ಅರ್ಧ ಊರಿಗೆ ನೀರು ಕುಡಿಸಿದಾಳೆ."

"ನೀನು ಕರೆಂಟ್ ಕದ್ದು ಮುಚ್ಚಿ ಆರಿಸಲಿಲ್ಲ ತಾನೆ?"

"ಆರಿಸಿದ್ರೆ ನೀವು ಬಿಡ್ತೀರಾ? ನನ್ನ ಹೆಸರಲ್ಲೇ ಒಂದು ಪೆಟ್ಟಿಗೆ ಹಾಕಿಸಿಬಿಡ್ತೀರ."

ಅರ್ಧ ಗಂಟೆ ಪೆಟ್ಟಿಗೆಯನ್ನು ನಿಂಬೆಹಣ್ಣು ಹಾಕಿ ತಿಕ್ಕಿದರು. ಮಗುವಿನ ತಲೆ ತೊಳೆಯುವ ಹಾಗೆ ಮೂಲೆ ಮೂಲೆಗೂ ಬೆರಳು ಹಾಕಿದರು. ಗಾಬಿರ್ ಫಿಲ್ಟರ್ ಬದಲಿಸಿಕೊಟ್ಟ. ಹೊಸ ಲೋಟಗಳನ್ನು ಸರಪಳಿಗೆ ಸಿಕ್ಕಿಸಿದರು. ಸೌಸನ್ ಎಂಬ ಅಕ್ಷರಗಳನ್ನು ಬಟ್ಟೆಯ ತುದಿಯಿಂದ ಒಂದೊಂದಾಗಿ ಒರೆಸಿದರು. ಆಮೇಲೆ ತಮ್ಮ ಕೈ ನೋಡಿಕೊಂಡು, "ಕೊಳಕು ಕೈಯಲ್ಲಿ ಮಗೂಗೆ ಕೊಡಬಾರದು. ಸೋಪು ಹಾಕಿ ತೊಳೆದು ಬಂದೆ" ಎಂದು ಅಂಗಡಿಯೊಳಗೆ ಹೋದರು. ನನ್ನ ಮನಸ್ಸಿಗಾಗಿಯೇ ಸೋಪೆಂದು ಹೇಳಿದ್ದು.

ಅಷ್ಟರಲ್ಲಿ ಒಬ್ಬ ಕೂಲಿಯವನು ಬಂದು ಆ ಲೋಟಗಳಲ್ಲಿ ಒಂದನ್ನು ಹಿಡಿದು ಕುಡಿದ. ಗಟಗಟನೆ, ಗಡ್ಡದ ಮೇಲೆ ಸುರಿಸಿಕೊಂಡು ಕುಡಿದು, "ದೇವರು ಅವಳಿಗೆ ಒಳ್ಳೇದು ಮಾಡಲಿ" ಎಂದು ಹೋದ. ಲೋಟ ಸರಪಳಿಯಲ್ಲಿ ತೂಗಾಡುತ್ತಿತ್ತು. ಇನ್ನೊಂದು ಲೋಟವನ್ನು ಯಾರೂ ಮುಟ್ಟಿರಲಿಲ್ಲ, ನನಗೆ ಗೊತ್ತು. ಆದರೆ ನನ್ನ ಕಣ್ಣಿಗೆ ಕಂಡದ್ದು ಹನೀನಳ ಸಣ್ಣ ಕೈ, ಅದಕ್ಕೆ ಚುಚ್ಚಿದ ನಾಲ್ಕು ಗುರುತು.

ಯಾರೂ ಮುಟ್ಟದ ಆ ಲೋಟಕ್ಕೆ ನನ್ನ ಬಾಟಲಿಯ ನೀರು ಸುರಿದೆ. ಹನೀನ್ ಕೈಗೆ ಕೊಟ್ಟೆ. ಸರಿಯಾಗಿ ಆ ಹೊತ್ತಿಗೆ ದೊಡ್ಡಮ್ಮ ಕೈ ಒರೆಸಿಕೊಳ್ಳುತ್ತ ಅಂಗಡಿಯ ಬಾಗಿಲಿಗೆ ಬಂದರು. ಮಗು ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕುಡಿಯುತ್ತಿದ್ದದ್ದನ್ನು ಕಂಡು ಅಲ್ಲೇ ಚೌಕಟ್ಟು ಹಿಡಿದು ನಿಂತುಬಿಟ್ಟರು. ಅವರ ಮುಖದ ಮೇಲೆ ಆಗ ಬಂದದ್ದನ್ನು ನಾನು ಸೌಸನ್ ಇದ್ದಾಗಲೂ ಕಂಡಿರಲಿಲ್ಲ. ಎರಡೂ ಅಂಗೈ ಮೇಲೆತ್ತಿ ಫಾತಿಹಾ ಶುರುಮಾಡಿದರು.

ಹನೀನ್ ಲೋಟ ಇಳಿಸಿ ನನ್ನನ್ನು ನೋಡಿದಳು. "ಅಮ್ಮಾ, ಇದು ತಣ್ಣಗಿಲ್ಲ. ಇದು ನಮ್ಮ ಬಾಟಲಿ ನೀರು," ಎಂದಳು. ಮೆಲ್ಲಗೇ ಹೇಳಿದಳು. ಒಳಗೆ ಇಸ್ತ್ರಿಯ ಹಬೆ ಬುಸ್ಸೆನ್ನುತ್ತಿತ್ತು, ಬೀದಿಯಲ್ಲಿ ವ್ಯಾನಿನವರು ಹಾರ್ನ್ ಬಾರಿಸುತ್ತಿದ್ದರು. ಅಲ್ಲಿಗೆ ಕೇಳಿಸಿರಲಿಕ್ಕಿಲ್ಲ ಎಂದುಕೊಂಡೆ.

ಅವರಿಗೆ ಕೇಳಿಸುವ ಅಗತ್ಯವೇ ಇರಲಿಲ್ಲ. ತಲೆಯೆತ್ತಿ ನೋಡಿದೆ. ದೊಡ್ಡಮ್ಮನ ಕಣ್ಣು ಹನೀನಳ ತುಟಿಯ ಮೇಲಿತ್ತು. ಮೇಲೆತ್ತಿದ್ದ ಕೈ ಹಾಗೇ ಇತ್ತು. ಅವರು ಫಾತಿಹಾವನ್ನು ಅರ್ಧಕ್ಕೆ ಬಿಡಲಿಲ್ಲ. ಕೊನೆಯತನಕ ಹೇಳಿ, ಅಂಗೈಯಿಂದ ಮುಖ ಸವರಿಕೊಂಡು ನಿಧಾನವಾಗಿ ಹತ್ತಿರ ಬಂದರು.

ನಾನು ಏನೋ ಹೇಳಹೊರಟೆ. ಅವರು ನನ್ನ ತೋಳು ತಟ್ಟಿದರು.

"ಇರಲಿ ಬಿಡೇ. ತಾಯಿಗೆ ಭಯ ಇರುತ್ತೆ," ಎಂದರು. ಆ ಜೋರು ದನಿ ಎಲ್ಲಿ ಹೋಗಿತ್ತೋ. "ನಾನೂ ಡಾಕ್ಟರ್ ಹೇಳಿದ್ದನ್ನೇ ಕೇಳಿದೆ."

ಸಂಜೆ ರಮ್ಸೀಸ್ ನಿಲ್ದಾಣದಲ್ಲಿ ರೈಲು ಹತ್ತಿಸಿದೆವು. ತಾಮಿರ್ ಜತೆ ಕುಶರಿಯ ಬಗ್ಗೆ ಜಗಳವಾಡಿದರು, ಹನೀನ್‌ಗೆ ಕಿಟಕಿಯಿಂದ ಮುತ್ತು ಕೊಟ್ಟರು. ರೈಲು ಅಲುಗಿದಾಗ ಅವರ ತುಟಿ ಏನೋ ಹೇಳಿತು. ನನಗೆ ತುಟಿ ಓದಲು ಬರುವುದಿಲ್ಲ.

ಜನವರಿಯಲ್ಲಿ, ಬೆಳಗಿನ ನಮಾಜು ಮುಗಿಸಿ ಚಾಪೆಯ ಮೇಲೆ ಒರಗಿದ ದೊಡ್ಡಮ್ಮ ಮತ್ತೆ ಏಳಲಿಲ್ಲ.

ಆಗಸ್ಟ್ ಬಂದಾಗ ನಾನೇ ನಿಂಬೆಹಣ್ಣು, ನಾರು, ಫಿಲ್ಟರ್ ಕಟ್ಟಿಕೊಂಡು ಹೋದೆ. ಹನೀನಳೂ ಇದ್ದಳು. ಮಗಳ ಹೆಸರಿನ ಕೆಳಗೆ ತಾಯಿಯ ಹೆಸರು ಬರೆಸಬೇಕಿತ್ತು. ಬರೆಯುವವನು ಇನ್ನೂ ಬಂದಿರಲಿಲ್ಲ. ಉಸ್ತಾ ಗಾಬಿರ್ ಫಿಲ್ಟರ್ ಹಾಕಿಕೊಟ್ಟ. ನಾನು ತಿಕ್ಕಿದೆ. ದೊಡ್ಡಮ್ಮ ತಂದಿದ್ದ ಲೋಟಗಳೇ ಸರಪಳಿಯಲ್ಲಿದ್ದವು. ಒಂದು ವರ್ಷದಲ್ಲಿ ಅಂಚು ನೆಗ್ಗಿಹೋಗಿತ್ತು. ನಾನು ಒಂದು ಲೋಟ ತುಂಬಿ ಕುಡಿದೆ. ಹಲ್ಲು ಜುಮ್ಮೆಂದಿತು.

"ನಂಗೂ," ಎಂದಳು ಹನೀನ್.

ಅದೇ ಲೋಟವನ್ನು ನಲ್ಲಿಯ ಕೆಳಗೆ ಹಿಡಿದೆ. ತುಂಬಿ ಹೊರಗೆ ಚೆಲ್ಲುವತನಕ ಹಿಡಿದೆ. ಅವಳು ನಿಲ್ಲಿಸದೆ ಕುಡಿದಳು, ಕತ್ತು ಒದ್ದೆ ಮಾಡಿಕೊಂಡು, ತಳದ ತೊಟ್ಟಿನವರೆಗೆ. "ತಣ್ಣಗಿದೆ ಅಮ್ಮಾ," ಎಂದಳು. ನಾನು ತಿರುಗಿ ಅಂಗಡಿಯ ಬಾಗಿಲು ನೋಡಿದೆ. ಹಬೆ ಮಾತ್ರ ಇತ್ತು.

ಆಮೇಲೆ ಮೂರು ದಿನ ಗಂಟೆಗೊಮ್ಮೆ ಹನೀನಳ ಹಣೆ ಮುಟ್ಟಿ ನೋಡಿದೆ, ಹೊಟ್ಟೆ ಒತ್ತಿ ನೋಡಿದೆ. ಜ್ವರ ಬರಲಿಲ್ಲ. ಏನೂ ಆಗಲಿಲ್ಲ.