ಒಲೆಗೋಡೆಗೆ ಆನಿಸಿದ ಕಾಲು

ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಬಿಟ್ಟ ಮಾರನೆಯ ದಿನವೇ ಶಿಡ್ಲಘಟ್ಟದ ನಮ್ಮ ಶೆಡ್ಡಿನಲ್ಲಿ, ಅಪ್ಪನ ಪಕ್ಕ, ರೇಷ್ಮೆ ನೂಲು ಬಿಚ್ಚುವ ಬೇಸಿನ್ನಿನ ಮುಂದೆ ಕೂತೆ. ಬಿಸಿನೀರಿನಲ್ಲಿ ತೇಲುವ ಗೂಡುಗಳಿಂದ ಎಳೆಯ ತುದಿ ಹುಡುಕಿ, ಏಳೆಂಟು ಎಳೆ ಸೇರಿಸಿ, ತಿರುಗುವ ಚರಕಕ್ಕೆ ಕೊಡುವುದು ನಮ್ಮ ಕೆಲಸ. ಆ ಎಳೆ ಕಣ್ಣಿಗೆ ಕಾಣುವ ಮೊದಲೇ ಬೆರಳಿಗೆ ಸಿಗಬೇಕು. ನನಗೆ ಸಿಗುತ್ತಿತ್ತು. ನಮ್ಮ ಬೀದಿಯಲ್ಲಿ ನನ್ನಷ್ಟು ಬೇಗ ತುದಿ ಹಿಡಿಯುವವನು ಇನ್ನೊಬ್ಬನಿರಲಿಲ್ಲ. ಇದನ್ನು ನಾನೇ ಹೇಳಿಕೊಳ್ಳಬಾರದು, ಆದರೆ ನಿಜ.

ನನಗೆ ಮದುವೆಯಾಗಿದ್ದ ಕಾಲ, ಚಿಕ್ಕಬಳ್ಳಾಪುರ ಇನ್ನೂ ಜಿಲ್ಲೆಯಾಗಿರಲಿಲ್ಲ. ಶೆಡ್ಡಿನ ಮೇಲೆ ತಗಡು ಬದಲಾಯಿಸುವಾಗ ಒಂದು ಜಾರಿ ನನ್ನ ಬಲಗೈ ಮಣಿಕಟ್ಟನ್ನು ಕೊಯ್ದುಕೊಂಡು ಹೋಯಿತು. ಪಕ್ಕದ ಡಾಕ್ಟರು ಹೊಲಿಗೆ ಹಾಕಿ, ಹೆಬ್ಬೆಟ್ಟು ಮತ್ತು ಎರಡು ಬೆರಳನ್ನು ಚುಚ್ಚಿ ನೋಡಿ, "ನರಕ್ಕೆ ಪೆಟ್ಟಾದಂಗಿದೆ, ಬೆಂಗಳೂರಿಗೆ ಹೋಗಿ" ಎಂದರು. ನಾನು ಹೋಗಲಿಲ್ಲ. ಊತ ಇಳಿದರೆ ಸರಿಹೋಗುತ್ತದೆ ಎಂದುಕೊಂಡು, ಮುಂದಿನ ವಾರವೇ ಕೈಗೆ ಪ್ಲಾಸ್ಟಿಕ್ ಕವರ್ ಕಟ್ಟಿಕೊಂಡು ಕೂತೆ. ತಿಂಗಳುಗಳು ಕಳೆದವು. ಬೆರಳುಗಳು ಮರದ ತುಂಡಿನಂತೆ ಆಗಿದ್ದವು. ನನ್ನ ನೂಲಿನಲ್ಲಿ ಗಂಟು ಬೀಳತೊಡಗಿದಾಗ ಹೆಂಡತಿಯೇ ನನ್ನನ್ನು ಬಸ್ಸು ಹತ್ತಿಸಿದಳು.

ಬೆಂಗಳೂರಿನ ದೊಡ್ಡ ಡಾಕ್ಟರು ಬೈಯಲಿಲ್ಲ. "ಆವಾಗಲೇ ಬಂದಿದ್ರೆ ತುದಿಗೆ ತುದಿ ಸೇರಿಸಿ ಹೊಲೀತಿದ್ದೆ. ಈಗ ಎರಡೂ ತುದಿ ಹಿಂದಕ್ಕೆ ಸರಿದು ಮಧ್ಯೆ ಜಾಗ ಬಿದ್ದಿದೆ. ಕಾಲಿಂದ ಒಂದು ನರ ತೆಗೆದು ಅಲ್ಲಿ ಕೂಡಿಸ್ಬೇಕು" ಎಂದರು. ಕಡಿದ ಎಳೆಗೆ ಇನ್ನೊಂದು ಎಳೆ ಕೊಡುವುದನ್ನು ನನಗೆ ಯಾರೂ ವಿವರಿಸಬೇಕಾಗಿರಲಿಲ್ಲ.

"ಎಡಗಾಲಿನ ಹೊರಮಗ್ಗುಲು, ಕಿರುಬೆರಳು ಜೋಮು ಹಿಡಿದಂಗೇ ಇರುತ್ತೆ. ನಡೆಯೋಕೆ ತೊಂದ್ರೆ ಇಲ್ಲ. ಆದ್ರೆ ಬಿಸಿ, ಮುಳ್ಳು ಗೊತ್ತಾಗಲ್ಲ. ದಿನಾ ಕಾಲು ನೋಡ್ಕೋಬೇಕು."

ನಾನು ನಕ್ಕುಬಿಟ್ಟೆ. "ಕಾಲಲ್ಲಿ ನೂಲು ತೆಗೀತೀನಾ ಸಾರ್?"

ಹೆಂಡತಿ ನಗಲಿಲ್ಲ.

ಆಪರೇಷನ್ ಆದ ಮೇಲೆ ಕೈಗೆ ಜೀವ ಬರಲು ಒಂದೂವರೆ ವರ್ಷ ಹಿಡಿಯಿತು. ಮೊದಲು ಅಂಗೈಯಲ್ಲಿ ಇರುವೆ ಹರಿದಂತೆ, ಆಮೇಲೆ ಬೆರಳಿನ ಬುಡದಲ್ಲಿ, ಕೊನೆಗೆ ತುದಿಯಲ್ಲಿ. ಒಂದು ಬೆಳಿಗ್ಗೆ ನೀರಿನಲ್ಲಿ ಎಳೆ ಬೆರಳಿಗೆ ತಾಗಿದ್ದು ಗೊತ್ತಾಯಿತು. ಮೊದಲಿನಷ್ಟು ಚುರುಕಿಲ್ಲ, ಆದರೆ ಗೊತ್ತಾಯಿತು. ಯಾರಿಗೂ ಹೇಳದೆ ಹಿತ್ತಲಿಗೆ ಹೋಗಿ ಮುಖ ತೊಳೆದುಕೊಂಡು ಬಂದೆ.

ಕಾಲನ್ನು ಮರೆತೇಬಿಟ್ಟೆ. ಮರೆಯುವುದು ಸುಲಭವಿತ್ತು, ನೋಯುವುದಿಲ್ಲವಲ್ಲ. ಜೋಮಿನ ಜಾಗ ವರ್ಷ ಕಳೆದಂತೆ ಒಂದಿಷ್ಟು ಕುಗ್ಗಿ, ಪಾದದ ಹೊರ ಅಂಚಿಗೆ ಬಂದು ನಿಂತಿತು. ಹಿಮ್ಮಡಿಯ ಮೇಲೆ ನರ ತೆಗೆದ ಗಾಯದ ಗುರುತಿಗೆ ಮಂಚದ ಕಾಲು ತಾಗಿದರೆ ಕಿರುಬೆರಳಿನವರೆಗೆ ಕರೆಂಟು ಹೊಡೆಯುತ್ತಿತ್ತು. ಅದೇ ಕಿರುಬೆರಳನ್ನು ಚಿವುಟಿದರೆ ಏನೂ ಇಲ್ಲ. ಕಾಲು ತೊಳೆಯುವಾಗ ಅಷ್ಟು ಭಾಗ ಬೇರೆ ಯಾರದ್ದೋ ಎನಿಸುತ್ತಿತ್ತು.

ಚಳಿಗಾಲದ ಬೆಳಿಗ್ಗೆ ನೂಲು ಬಿಚ್ಚುವವರಿಗೆಲ್ಲ ಒಂದು ಅಭ್ಯಾಸ. ಕಾಲು ಸದಾ ನೆಲದ ನೀರಿನಲ್ಲಿ ನೆಂದು ಮರಗಟ್ಟಿರುತ್ತದೆ. ಬೇಸಿನ್ನಿನ ಕೆಳಗೆ ಒಲೆ ಉರಿಯುತ್ತಿರುತ್ತದೆ. ಕೂತಲ್ಲೇ ಎಡಗಾಲು ಮಡಿಸಿ ಪಾದದ ಹೊರಮಗ್ಗುಲನ್ನು ಒಲೆಯ ಮಣ್ಣಿನ ಗೋಡೆಗೆ ಆನಿಸುತ್ತೇವೆ. ಹಿತವಾಗಿರುತ್ತದೆ. ಸುಟ್ಟರೆ ಕಾಲು ತಾನಾಗಿಯೇ ಹಿಂದಕ್ಕೆ ಬರುತ್ತದೆ. ಅಪ್ಪನೂ ಹಾಗೇ ಕೂರುತ್ತಿದ್ದ. ಆಪರೇಷನ್ ಆದ ಮೂರನೆಯ ಚಳಿಗಾಲದಲ್ಲಿ, ಏನೂ ಯೋಚಿಸದೆ, ನಾನೂ ಹಾಗೇ ಕೂತೆ. ಒಲೆಗೆ ಮೆತ್ತಿದ ಮಣ್ಣು ಆ ಭಾಗದಲ್ಲಿ ಉದುರಿ ಗೋಡೆ ತೆಳ್ಳಗಾಗಿತ್ತು.

ಶೆಡ್ಡಿನಲ್ಲಿ ಬೆಂದ ಹುಳುವಿನ ನಾತ ಯಾವಾಗಲೂ ಇರುತ್ತದೆ. ಅದರಲ್ಲಿ ಇನ್ನೊಂದು ವಾಸನೆ ನನಗೆ ಬೇರೆಯಾಗಿ ತಿಳಿಯಲಿಲ್ಲ. ಪಕ್ಕದ ಶೆಡ್ಡಿನ ಸಾಹೇಬರು ಬೆಂಕಿಪೊಟ್ಟಣಕ್ಕೆಂದು ಬಂದವರು ಬಾಗಿಲಲ್ಲೇ ನಿಂತರು.

"ಏನ್ ಭಾಯಿ, ಒಲೆಗೆ ಏನ್ ಹಾಕಿದ್ದೀರಾ ಇವತ್ತು?" ಎಂದು ಬಗ್ಗಿ ನೋಡಿದವರು ಕಿರುಚಿದರು. "ಅರೆ ಕಾಲ್! ಕಾಲ್ ತೆಗೀರಿ!"

"ಯಾಕೆ?" ಎಂದೆ. ಕೈಯಲ್ಲಿ ಎಳೆ ಇತ್ತು, ಬಿಡಲು ಮನಸ್ಸಿರಲಿಲ್ಲ. ಅವರೇ ನನ್ನ ಮೊಣಕಾಲು ಹಿಡಿದು ಎಳೆದರು. ಪಾದದ ಚರ್ಮ ಗೋಡೆಯ ಮೇಲೇ ಉಳಿಯಿತು. ನನಗೆ ನೋವಿಲ್ಲ. ಸಾಹೇಬರು ಬಾಯಿಗೆ ಕೈಯಿಟ್ಟುಕೊಂಡು ಹೊರಗೆ ಓಡಿದರು.

ಗಾಯ ಮಾಯಲಿಲ್ಲ. ಮಾಯಲು ನಾನು ಬಿಡಲಿಲ್ಲ ಎನ್ನುವುದೇ ಸರಿ. ಎರಡು ವಾರ ಮನೆಯಲ್ಲಿ ಕೂತು, ಮೂರನೆಯ ವಾರ ಪಟ್ಟಿಯ ಮೇಲೆ ಕವರ್ ಕಟ್ಟಿಕೊಂಡು ಮತ್ತೆ ಶೆಡ್ಡಿಗೆ ಇಳಿದೆ. ಕವರ್ ಒಳಗೆ ನೀರು ಹೋಗಿದ್ದೂ ಗೊತ್ತಾಗಲಿಲ್ಲ, ಕೀವಾಗಿದ್ದೂ ಗೊತ್ತಾಗಲಿಲ್ಲ. ಕೊನೆಗೆ ಚಿಂತಾಮಣಿಯ ಆಸ್ಪತ್ರೆಯಲ್ಲಿ ಕಿರುಬೆರಳು ತೆಗೆದರು. ಅಲ್ಲಿನ ಡಾಕ್ಟರಮ್ಮ ನನಗಲ್ಲ, ಹೆಂಡತಿಗೆ ಹೇಳಿದರು: "ಇನ್ನು ಇವ್ರ ಕಾಲು ನೀರಲ್ಲಿ ನೆನೀಬಾರ್ದು ಕಣಮ್ಮಾ. ಮತ್ತೆ ಹುಣ್ಣಾದ್ರೆ ಪಾದ ಉಳಿಯೋದು ಕಷ್ಟ."

ಬೇಸಿನ್ನಿಗೆ ಮತ್ತೆ ಕೂರಬೇಕೆಂದು ನಾನು ಹಟ ಹಿಡಿದೆ. ಸತ್ತಿದ್ದ ಕೈ ಬದುಕಿದೆ, ಅದನ್ನು ಬದುಕಿಸಲಿಕ್ಕೇ ಕಾಲು ಕೊಯ್ಸಿಕೊಂಡಿದ್ದೇನೆ, ಈಗ ಕಾಲಿನ ನೆಪದಲ್ಲಿ ಎದ್ದು ಹೋಗು ಎಂದರೆ ಹೇಗೆ? ಗಂಬೂಟು ತರುತ್ತೇನೆ ಎಂದೆ. ಜೋಮು ಕಮ್ಮಿಯಾಗಿದೆ, ಈಗ ಗೊತ್ತಾಗುತ್ತದೆ ಎಂದೂ ಹೇಳಿದೆ.

ಹೆಂಡತಿ ಕೈವಾರದ ಕಡೆಯವಳು. ಕೋಪ ಬಂದರೆ ತವರಿನ ತೆಲುಗು ಬರುತ್ತದೆ. "ಚಾಲು, ಇಂಕ ಚಾಲು", ಸಾಕು, ಇನ್ನು ಸಾಕು, ಎಂದವಳು ಒಂದು ಪೊರಕೆಕಡ್ಡಿ ಮುರಿದು ತಂದಳು. "ಬನ್ನಿ, ಜಗುಲಿ ಮೇಲೆ ಕೂತ್ಕೊಳ್ಳಿ. ಕಣ್ಮುಚ್ಚಿ. ನಾನು ಮುಟ್ದಾಗ ಹೇಳಿ. ಐದು ಸಲ ಸರಿ ಹೇಳಿದ್ರೆ ಹೋಗಿ ಕೂತ್ಕೊಳ್ಳಿ, ನಾನು ತುಟಿ ಬಿಚ್ಚಲ್ಲ."

ನಾನು ಪಾದ ಚಾಚಿದೆ. ಏನೂ ತಿಳಿಯುತ್ತಿರಲಿಲ್ಲ. ಆದರೆ ಅವಳ ಕೈ ಆಡಿದಾಗ ಬಳೆ ಸದ್ದಾಗುತ್ತಿತ್ತು.

"ಈಗ" ಎಂದೆ.

"ಹೂಂ."

"ಈಗ."

"ಹೂಂ."

ನಾಲ್ಕು ಸಲ ಸರಿಯಾಯಿತು. ಗೆದ್ದೆ ಎಂದುಕೊಂಡೆ. ಐದನೆಯ ಸಲ ಬಳೆ ಸದ್ದಾಯಿತು. "ಈಗ" ಎಂದೆ. ಉತ್ತರ ಬರಲಿಲ್ಲ. ಕಣ್ಣು ಬಿಟ್ಟೆ. ಅವಳು ಕಡ್ಡಿ ಕೆಳಗಿಟ್ಟು, ಬರಿಗೈಯನ್ನು ನನ್ನ ಮುಖದ ಮುಂದೆ ಅಲ್ಲಾಡಿಸಿದಳು.

"ಮುಟ್ಟಿಲ್ಲ ಕಣ್ರೀ. ಬಳೆ ಆಡಿಸ್ದೆ ಅಷ್ಟೇ." ಕಣ್ಣಲ್ಲಿ ನೀರಿತ್ತು. "ಯಾರಿಗ್ರೀ ಮೋಸ ಮಾಡ್ತಿದ್ದೀರಾ?"

ಅವಳು ಸೀರೆ ಎತ್ತಿ ಕಟ್ಟಿ ಶೆಡ್ಡಿಗೆ ಹೋಗಿ ನನ್ನ ಮಣೆಯ ಮೇಲೆ ಕೂತಳು. ಅಪ್ಪ ಕೂತಿದ್ದ ಮಣೆ ಅದು.

ಅಂದಿನಿಂದ ಮಾರ್ಕೆಟ್ಟಿಗೆ ಹೋಗಿ ಗೂಡು ಹಿಸುಕಿ ನೋಡಿ ತರುವುದು, ಆರಿಸುವುದು, ಒಣ ಜಾಗದ ಕೆಲಸವೆಲ್ಲ ನನ್ನದು. ಬೆಳಿಗ್ಗೆ ಬಿಸಿಲು ಬಿದ್ದ ಮೇಲೆ ಜಗುಲಿಯಲ್ಲಿ ಕೂತು ಅವಳ ಮಡಿಲಿಗೆ ಕಾಲು ಕೊಡಬೇಕು. ಅವಳು ತಿರುಗಿಸಿ ತಿರುಗಿಸಿ ನೋಡುತ್ತಾಳೆ. ಬೀದಿಯಲ್ಲಿ ಹೋಗುವವರು ನೋಡುತ್ತಾರೆ. ಮೊದಮೊದಲು ನಾನು ಮುಖ ಆಚೆ ತಿರುಗಿಸಿಕೊಳ್ಳುತ್ತಿದ್ದೆ.

ಅವಳ ಕೈ ಒಳ್ಳೆಯದೇ, ಆದರೆ ಸಣ್ಣ ಎಳೆ ತಪ್ಪಿಸಿಕೊಂಡರೆ ಬೇಗ ಸಿಗುವುದಿಲ್ಲ. "ಏನ್ರೀ, ಒಂದ್ನಿಮಿಷ ಬನ್ನಿ" ಎಂದು ಕೂಗುತ್ತಾಳೆ. ನನ್ನ ಕಾಲಿಗೆ ನೀರು ತಾಗದಂತೆ ಅವಳು ಹಾಕಿಟ್ಟ ಹಲಗೆಯ ಮೇಲೆ ಕಾಲಿಟ್ಟು ಹೋಗಿ, ಅವಳ ಭುಜದ ಮೇಲಿಂದ ಬಗ್ಗಿ, ಬಿಸಿನೀರಿನಲ್ಲಿ ಬೆರಳಾಡಿಸುತ್ತೇನೆ. ಸಿಗುತ್ತದೆ. ತುದಿಯನ್ನು ಅವಳ ಕೈಗೆ ಕೊಟ್ಟು, ಅದೇ ಹಲಗೆಯ ಮೇಲೆ ಹಿಂದಕ್ಕೆ ಬರುತ್ತೇನೆ.