ಗಡಿಯಾರಕ್ಕೆ ಒಗ್ಗದ ಅರ್ಧ ಗಂಟೆ

ನನ್ನ ಎಡಗೈ ಮಣಿಕಟ್ಟು ಮೂರು ದೇಶಗಳನ್ನು ಹೊರುವಷ್ಟು ಅಗಲವಾಗಿಲ್ಲ. ಬಳೆ ಅಂಗಡಿಯವನು ಇವತ್ತಿಗೂ ನನಗೆ ಶಾಲೆಯ ಹುಡುಗಿಯರ ಅಳತೆಯನ್ನೇ ತೆಗೆದು ಕೊಡುತ್ತಾನೆ. ಇಂಥ ಕೈಗೆ ಪುಣೆಯ ಸಮಯ, ಜರ್ಮನಿಯ ಸಮಯ, ಅಮೆರಿಕದ ಸಮಯ, ಮೂರನ್ನೂ ಒಟ್ಟಿಗೆ ಕಟ್ಟಿಕೋ ಎಂದು ಕಳೆದ ತಿಂಗಳು ಒತ್ತಾಯ ಬಂತು. ಒತ್ತಾಯ ಎಂದರೆ ಒತ್ತಾಯದ ಮುಖದಲ್ಲೇನೂ ಬರಲಿಲ್ಲ. ಉಡುಗೊರೆಯ ಮುಖದಲ್ಲಿ ಬಂತು. ಅಂಥದ್ದನ್ನು ಬೇಡ ಎನ್ನುವುದು ಭಾಳ ಕಷ್ಟ.

ನಾನು ಪುಣೆಯ ಪಕ್ಕದ ಭೋಸರಿಯ ಒಂದು ಕಾರ್ಖಾನೆಯಲ್ಲಿ, ಪಂಪಿನ ಬಿಡಿಭಾಗಗಳನ್ನು ಹೊರದೇಶಕ್ಕೆ ಕಳಿಸುವ ವಿಭಾಗದಲ್ಲಿದ್ದೇನೆ. ಅಲ್ಲಿ ಹತ್ತು ವರ್ಷ ದುಡಿದವರಿಗೆ ಸ್ಟೀಲ್ ಡಬ್ಬಿಗಳ ಸೆಟ್ಟು, ಇಪ್ಪತ್ತೈದು ವರ್ಷ ದುಡಿದವರಿಗೆ ಕೈಗಡಿಯಾರ. ಒಬ್ಬರ ಸಮಯವನ್ನೆಲ್ಲ ತೆಗೆದುಕೊಂಡ ಮೇಲೆ ಗಡಿಯಾರ ಕೊಡುವ ಈ ಪದ್ಧತಿಯನ್ನು ಯಾರು ಹುಡುಕಿದರೋ ಗೊತ್ತಿಲ್ಲ, ಅವರು ಒಳ್ಳೆಯ ತಮಾಷೆಯ ಮನುಷ್ಯರಿರಬೇಕು. ಈ ವರ್ಷ ನನ್ನ ಸರದಿ ಬಂತು. ನಮ್ಮ ಮ್ಯಾನೇಜರ್ ಪ್ರಜ್ವಲ್ ಮೈಸೂರಿನವರು, ನನಗಿಂತ ಇಪ್ಪತ್ತು ವರ್ಷ ಚಿಕ್ಕವರು, ಸ್ವಭಾವದಲ್ಲಿ ಒಳ್ಳೆಯವರೇ. ಕರೆದು ಕೂರಿಸಿ, ಚಹಾ ತರಿಸಿ ಹೇಳಿದರು:

"ಮೇಡಂ, ವಾಚ್ ನೀವೇ ಸೆಲೆಕ್ಟ್ ಮಾಡ್ಕೊಳ್ಳಿ. ಮಲ್ಟಿಪಲ್ ಟೈಮ್ ಝೋನ್ ಇರೋದೇ ತಗೊಳ್ಳಿ, ಯೂಸ್ ಆಗತ್ತೆ. ನೆಕ್ಸ್ಟ್ ಮಂತಿಂದ, ಈಗ ನಾನ್ ಮಾಡ್ತಿರೋ ಅಮೆರಿಕ ಕಸ್ಟಮರ್ ಕಾಲ್ಸ್ ನೀವೇ ಹ್ಯಾಂಡಲ್ ಮಾಡ್ಬೇಕು. ದಿನಾ ಸಂಜೆ ಎಂಟಕ್ಕೆ. ಮನೆಯಿಂದ್ಲೇ ಮಾಡ್ಬಹುದು, ಜಸ್ಟ್ ಒಂದವರ್."

ಕಷ್ಟ ಆದರೆ ಅಮೆರಿಕದ ಡೆಸ್ಕನ್ನೇ ಬೇರೆಯವರಿಗೆ ಕೊಡೋಣ ಎಂದೂ ಸೇರಿಸಿದರು. ಅದನ್ನು ಬೆದರಿಕೆಯಾಗಿ ಹೇಳಲಿಲ್ಲ, ಕಾಳಜಿಯಿಂದಲೇ ಹೇಳಿದರು. ಆ ಡೆಸ್ಕ್ ನಾನು ಕಟ್ಟಿದ್ದು. "ನೋಡೂಣ್ರಿ" ಎಂದು ಎದ್ದು ಬಂದೆ. ಇಪ್ಪತ್ತೈದು ವರ್ಷಗಳ ನೌಕರಿಯಲ್ಲಿ ನಾನು ತೋರಿಸಿದ ಅತಿ ದೊಡ್ಡ ಪ್ರತಿಭಟನೆ ಅದೇ ಎಂದು ನೆನೆದರೆ ನಗು ಬರುತ್ತದೆ.

ಸಂಜೆ ಎಂಟರಲ್ಲಿ ಅಂಥದ್ದೇನಿದೆ ಎಂದು ನೀವು ಕೇಳಬಹುದು. ರೊಟ್ಟಿ ಇದೆ.

ನಮ್ಮ ಮನೆಯವರು ರೈಲ್ವೆಯಲ್ಲಿ ಗಾರ್ಡ್ ಆಗಿದ್ದರು. ನಾವಿರುವುದು ನಿಗಡಿಯಲ್ಲಿ, ಅವರ ಬಾಳು ಹೆಚ್ಚಾಗಿ ದೌಂಡ ಜಂಕ್ಷನ್ನಿನಲ್ಲಿ ಮತ್ತು ಅಲ್ಲಿಂದ ಸೋಲಾಪುರದ ಕಡೆಗೆ ಹೋಗುವ ಗಾಡಿಯ ಕೊನೆಯ ಡಬ್ಬಿಯಲ್ಲಿ. ನಾನು ಕಟ್ಟಿಕೊಟ್ಟ ಜೋಳದ ರೊಟ್ಟಿ ಅವರ ಬಾಯಿಗೆ ಹೋಗುವ ಹೊತ್ತಿಗೆ ರಟ್ಟಾಗಿರುತ್ತಿತ್ತು. ಅವರು ಮನೆಗೆ ಬಂದಾಗ ನಾನು ಕಾರ್ಖಾನೆಯಲ್ಲಿ, ನಾನು ಬಂದಾಗ ಅವರು ಗಾಡಿಯಲ್ಲಿ. ಮದುವೆಯಾಗಿ ಅಷ್ಟು ವರ್ಷಗಳಲ್ಲಿ ನಾವಿಬ್ಬರೂ ಒಲೆಯ ಮುಂದೆ ಒಟ್ಟಿಗೆ ಕೂತು ಬಿಸಿ ರೊಟ್ಟಿ ತಿಂದದ್ದು ಹಬ್ಬದಷ್ಟು ಅಪರೂಪ.

ನಿವೃತ್ತರಾದ ಮಾರನೆಯ ವಾರವೇ ಅವರು ಹಿಟ್ಟು ನಾದುವ ಕೊಣಮಿಗೆಗೆ ಕೈ ಹಾಕಿದರು. ಮೊದಲ ದಿನಗಳ ರೊಟ್ಟಿಗಳ ವಿಷಯ ಬೇಡ. ಹಂಚಿನ ಮೇಲೆ ಒಂದು ರೊಟ್ಟಿ ಬೇಯಿಸಲು ಹೋಗಿ ಐದಾರು ತುಂಡುಗಳನ್ನು ಬೇಯಿಸುತ್ತಿದ್ದರು. ಈಗ ಅವರ ಕೈ ನನ್ನ ಕೈಯನ್ನು ಮೀರಿಸಿದೆ. ನಾನು ಬಸ್ಸಿಳಿದು, ಮುಖ ತೊಳೆದು ಬರುವ ಹೊತ್ತಿಗೆ ಹಿಟ್ಟು ನಾದಿ ಇಟ್ಟಿರುತ್ತಾರೆ. ಒದ್ದೆ ಬಟ್ಟೆಯಿಂದ ನೀರು ಸವರಿ, ಮಗುಚಿ, ಬೆಂಕಿಗೆ ಹಿಡಿದಾಗ ರೊಟ್ಟಿ ನಿಧಾನಕ್ಕೆ ಉಸಿರೆಳೆದುಕೊಂಡು ಉಬ್ಬುತ್ತದೆ. ಆ ಗಳಿಗೆಯಲ್ಲಿ ತಾಟು ಹಿಡಿದು ನಾನು ಅಲ್ಲಿರಬೇಕು. ತುಸು ತಡವಾದರೂ ಅದು ಕುಸಿಯುತ್ತದೆ, ಅವರ ಮುಖವೂ ಕುಸಿಯುತ್ತದೆ. ಶೇಂಗಾ ಹಿಂಡಿ, ಮೊಸರು, ಒಂದು ಹಸಿ ಉಳ್ಳಾಗಡ್ಡಿ. ಅವರು ಬಡಿಯುವುದು, ನಾನು ತಿನ್ನುವುದು. ಆಮೇಲೆ ನಾನು ಬಡಿಯುವುದು, ಅವರು ತಿನ್ನುವುದು. ಇದು ನಡೆಯುವ ಹೊತ್ತು ಸಂಜೆ ಎಂಟು.

ಇದನ್ನು ಆಫೀಸಿನಲ್ಲಿ ಹೇಗೆ ಹೇಳುವುದು? ಮಗುವಿಗೆ ಜ್ವರ ಎಂದರೆ ರಜೆ ಕೊಡುತ್ತಾರೆ. ಗಂಡ ರೊಟ್ಟಿ ಬಡಿಯುತ್ತಾರೆ ಎಂದರೆ ನಗುತ್ತಾರೆ. ಹಾಗಾಗಿ ಬಾಯಿ ಮುಚ್ಚಿಕೊಂಡು ಗಡಿಯಾರ ಆರಿಸಲು ಹೊರಟೆ.

ಭೋಸರಿಯ ಕಾರ್ಖಾನೆಗಳಿಗೆ ಗುರುವಾರ ರಜೆ. ಊರಿನವರಿಗೆಲ್ಲ ಭಾನುವಾರ ಬಂದರೆ ನಮಗೆ ಗುರುವಾರ ಭಾನುವಾರ ಬರುತ್ತದೆ. ಹೀಗೆ ನೋಡಿದರೆ ನಾನು ಹುಟ್ಟಾ ಬೇರೆ ಕಾಲವಲಯದವಳೇ. ಮನೆಯಲ್ಲಿ ನಮ್ಮವರು ಊಟಕ್ಕೂ ಹತ್ತೊಂಬತ್ತು ಐವತ್ತೈದು ಎನ್ನುವ ರೈಲ್ವೆಯ ಲೆಕ್ಕದವರು. ನೀರಿನ ನಲ್ಲಿ ತನ್ನ ಮನಸ್ಸು ಬಂದಾಗ ಬರುತ್ತದೆ. ಹೊಸ ವಸ್ತು ಕೊಳ್ಳಲು ಹೋಗುವ ಮುನ್ನ ಪಂಚಾಂಗದಲ್ಲಿ ರಾಹುಕಾಲ ನೋಡುವ ಅಭ್ಯಾಸ ನನ್ನದು. ಗುರುವಾರ ರಾಹುಕಾಲ ಮಧ್ಯಾಹ್ನ ಒಂದೂವರೆಗೆ ಶುರು. ಅದರೊಳಗೆ ಮುಗಿಸೋಣವೆಂದು ಊರೊಳಗಿನ ಹಳೆಯ ಪೇಟೆಯ ಗಡಿಯಾರದ ಅಂಗಡಿಗೆ ಅವಸರದಲ್ಲಿ ಹೋದೆ.

ಅಂಗಡಿಯ ಯಜಮಾನರು ವಯಸ್ಸಾದ ಮರಾಠಿ ಗೃಹಸ್ಥರು. ಹಲವು ದೇಶಗಳ ಸಮಯ ತೋರಿಸುವ ಗಡಿಯಾರ ಬೇಕು ಎಂದೆ. ಒಂದು ತಟ್ಟೆಯಲ್ಲಿ ಜೋಡಿಸಿ ತಂದು ಮುಂದಿಟ್ಟರು. ನಾನು ಮೊದಲನೆಯದನ್ನು ಕೈಗೆ ಕಟ್ಟಿಕೊಳ್ಳುವಷ್ಟರಲ್ಲಿ ಗೋಡೆಯ ಮೇಲಿದ್ದ ಗಡಿಯಾರ ಒಂದು ಹೊಡೆಯಿತು. ಅವರು ಸಂಕೋಚವಿಲ್ಲದೆ ನನ್ನ ಕೈಯಿಂದ ಅದನ್ನು ಬಿಚ್ಚಿ, ತಟ್ಟೆಯನ್ನು ಒಳಗಿಟ್ಟು, ಬೀಗದ ಕೈ ತೆಗೆದುಕೊಂಡರು. ನಾಲ್ಕರ ನಂತರ ಬನ್ನಿ ಎಂದರು. ಕೊಳ್ಳುವವಳು ಎದುರಿಗೇ ನಿಂತಿದ್ದೇನಲ್ಲ ಎಂದೆ.

"ಘಡ್ಯಾಳ ಕುಠೇ ಪಳೂನ ಜಾತ ನಾಹೀ, ಮ್ಯಾಡಂ." ಗಡಿಯಾರ ಎಲ್ಲಿಗೂ ಓಡಿ ಹೋಗುವುದಿಲ್ಲ ಎಂದು ಹೇಳಿ, ಷಟರ್ ಎಳೆದು, ಊಟಕ್ಕೆ ಮೇಲಿನ ಮನೆಗೆ ಹತ್ತಿ ಹೋದರು.

ಪುಣೆಯ ಹಳೆಯ ಅಂಗಡಿಗಳ ಈ ಮಧ್ಯಾಹ್ನದ ಬೀಗವನ್ನು ನಾನು ಬಂದಾಗಿನಿಂದ ಬೈಯುತ್ತಲೇ ಇದ್ದೇನೆ. ಬೈಯುವುದು ಇಲ್ಲಿ ನೆಲೆಸಿದವರೆಲ್ಲರ ಹಕ್ಕು. ಆ ದಿನವೂ ಬೈದೆ, ಬಿಸಿಲಲ್ಲಿ ನಿಂತು, ಅಪ್ಪಟ ವಿಜಯಪುರದ ಕನ್ನಡದಲ್ಲಿ. ಆಮೇಲೆ ಹತ್ತಿರದ ಹೋಟೆಲಿನಲ್ಲಿ ಕೂತು ಮಜ್ಜಿಗೆ ಕುಡಿಯುತ್ತ ಸಿಟ್ಟು ಇಳಿದಾಗ, ಒಳಗೆಲ್ಲೋ ಹೊಟ್ಟೆಕಿಚ್ಚಾಯಿತು. ಈ ಮನುಷ್ಯ ಗಿರಾಕಿಯ ಮುಖದ ಮೇಲೆ ಷಟರ್ ಎಳೆದು ಬಿಸಿ ಅನ್ನ ಉಣ್ಣುತ್ತಾನೆ. ಜಗತ್ತು ಮುಳುಗಲಿಲ್ಲ. ಗಿರಾಕಿ ಮಜ್ಜಿಗೆ ಕುಡಿಯುತ್ತ ಕಾಯುತ್ತಿದ್ದಾಳೆ. ನಾನು ಮಾತ್ರ ನನ್ನ ಒಂದು ತಾಸಿನ ಷಟರ್ ಎಳೆಯಲು ನಡುಗುತ್ತಿದ್ದೇನೆ.

ನಾಲ್ಕಕ್ಕೆ ತಟ್ಟೆ ಮತ್ತೆ ಹೊರಗೆ ಬಂತು. ಮೊದಲನೆಯ ಗಡಿಯಾರದಲ್ಲಿ ಮಾಮೂಲು ಮುಳ್ಳುಗಳ ಜತೆ ಒಂದು ಕೆಂಪು ಮುಳ್ಳು ಇತ್ತು. ಅದು ಬೇರೆ ದೇಶದ ಗಂಟೆ ತೋರಿಸುತ್ತದೆ. ನಿಮಿಷದ ಮುಳ್ಳು ಇಬ್ಬರಿಗೂ ಒಂದೇ. ಜರ್ಮನಿಗೂ ಅಮೆರಿಕಕ್ಕೂ ನಡುವೆ ವ್ಯತ್ಯಾಸ ಪೂರ್ತಿ ಗಂಟೆಗಳದ್ದು, ಅವರಿಗೆ ನಡೆಯುತ್ತದೆ. ನಮ್ಮ ದೇಶದ ಸಮಯಕ್ಕೆ ಅರ್ಧ ಗಂಟೆಯ ಬಾಲವಿದೆ. ನಿಮಿಷದ ಮುಳ್ಳನ್ನು ಪುಣೆಗೆ ಸರಿಯಾಗಿಟ್ಟರೆ ಅಮೆರಿಕಕ್ಕೆ ತಪ್ಪು, ಅಮೆರಿಕಕ್ಕೆ ಸರಿಯಾಗಿಟ್ಟರೆ ಪುಣೆಗೆ ತಪ್ಪು. ಅರ್ಧ ಗಂಟೆಯನ್ನು ನೀವೇ ಮನಸ್ಸಿನಲ್ಲಿ ಹೊಂದಿಸಿಕೊಳ್ಳಬೇಕು ಎಂದು ಯಜಮಾನರು ಸಮಾಧಾನ ಹೇಳಿದರು.

ಎರಡನೆಯದರಲ್ಲಿ ಅಂಚಿನ ಸುತ್ತ ಊರುಗಳ ಹೆಸರು ಕೊರೆದಿದ್ದರು. ನಾನು ಕನ್ನಡಕ ಏರಿಸಿ ನಮ್ಮನ್ನು ಹುಡುಕಿದೆ. ಲಂಡನ್ ಇತ್ತು, ದುಬೈ ಇತ್ತು, ಕರಾಚಿ ಇತ್ತು, ಅದರ ಪಕ್ಕದಲ್ಲೇ ಢಾಕಾ ಇತ್ತು. ಕರಾಚಿಗೂ ಢಾಕಾಕ್ಕೂ ನಡುವೆ ಒಂದು ಸಣ್ಣ ಖಾಲಿ ಜಾಗ. ಅಷ್ಟು ದೊಡ್ಡ ದೇಶ, ಅಷ್ಟೊಂದು ಜನ, ನಮ್ಮವರು, ಅವರ ಹಂಚು, ನನ್ನ ತಾಟು, ಎಲ್ಲ ಆ ಖಾಲಿ ಜಾಗದಲ್ಲಿದ್ದೆವು.

ನನಗೆ ಸಿಟ್ಟು ಬಂತು. ಮಧ್ಯಾಹ್ನದ್ದು ಬಿಸಿಲಿನ ಸಿಟ್ಟು, ಇದು ಬೇರೆ. ನಮ್ಮ ಅರ್ಧ ಗಂಟೆಯ ಹಿಂದಿನ ಕತೆಯನ್ನು ನಮ್ಮವರು ಎಷ್ಟೋ ಸಲ ಹೇಳಿದ್ದಾರೆ. ಒಂದು ಕಾಲಕ್ಕೆ ಊರೂರಿಗೂ ಅದರದ್ದೇ ಮಧ್ಯಾಹ್ನ ಇತ್ತಂತೆ. ರೈಲು ಬಂದ ಮೇಲೆ ಎಲ್ಲರನ್ನೂ ಒಂದು ಗಡಿಯಾರಕ್ಕೆ ಕಟ್ಟಬೇಕಾಯಿತು. ಪೂರ್ವದವರಿಗೂ ಪಶ್ಚಿಮದವರಿಗೂ ಅನ್ಯಾಯವಾಗದಂತೆ ದೇಶದ ನಡುವೆ ಒಂದು ಗೆರೆ ಹಿಡಿದಾಗ ಲೆಕ್ಕ ಅರ್ಧಕ್ಕೆ ಬಂದು ನಿಂತಿತು. ಆಗಲೂ ಮುಂಬಯಿ ಒಪ್ಪಲಿಲ್ಲವಂತೆ; ದಶಕಗಟ್ಟಲೆ ತನ್ನದೇ ಸಮಯವನ್ನು ಹಟ ಹಿಡಿದು ನಡೆಸಿತಂತೆ. ಸೂರ್ಯ ನೆತ್ತಿಗೆ ಬಂದಾಗಲೇ ನಮ್ಮ ಮಧ್ಯಾಹ್ನ ಎಂದು ಒಂದು ಊರಿಗೆ ಊರೇ ಹಟ ಹಿಡಿಯಬಹುದಾದರೆ, ಒಬ್ಬ ಹೆಂಗಸು ಹಿಡಿಯಬಾರದೇ? ಅತ್ತ ಅಮೆರಿಕದವರು ವರ್ಷಕ್ಕೆ ಎರಡು ಸಲ ದೇಶದ ಗಡಿಯಾರವನ್ನೆಲ್ಲ ಹಿಂದೆ ಮುಂದೆ ತಿರುಗಿಸುತ್ತಾರೆ, ಅದು ವಿಜ್ಞಾನ. ನಾನು ಬಸ್ಸು ತಪ್ಪದಿರಲೆಂದು ಅಡುಗೆಮನೆಯ ಗಡಿಯಾರವನ್ನು ಹತ್ತು ನಿಮಿಷ ಮುಂದಿಟ್ಟರೆ ಅದು ಹುಚ್ಚು.

ಎಲ್ಲ ದೇಶಗಳನ್ನೂ ಅರ್ಧ ಗಂಟೆಯ ಸಮೇತ ತೋರಿಸುವ ಮೂರನೆಯದೊಂದು ಇತ್ತು, ಕಂಪ್ಯೂಟರಿನ ತಮ್ಮ. ಮೇಲ್ ಬಂದರೆ ಕೈಯನ್ನು ಜುಮ್ಮೆನ್ನಿಸುತ್ತದಂತೆ. ಅದನ್ನು ದೂರ ಸರಿಸಿ, ದೊಡ್ಡ ಅಂಕಿಗಳಿರುವ ಒಂದೇ ಒಂದು ಸಾದಾ ಗಡಿಯಾರ ಕೊಡಿ ಎಂದೆ. ಯಜಮಾನರು ಹುಬ್ಬೇರಿಸಿದರು. ನನ್ನ ಕೈಯ ಅಳತೆಗೆ ಪಟ್ಟಿಗೆ ಇನ್ನೊಂದು ತೂತು ಹೊಡೆದು ಕೊಟ್ಟರು.

ಗಡಿಯಾರ ಕೊಂಡದ್ದು ಸುಲಭ. ಮುಂದಿನ ವಾರ ಅಮೆರಿಕದ ಗಿರಾಕಿಗೆ ನನ್ನನ್ನು ಪರಿಚಯಿಸುವ ಕಾಲ್ ಬಂತು. ಆ ಒಂದು ದಿನ ಆಫೀಸಿನಲ್ಲೇ, ಸಂಜೆ ಎಂಟಕ್ಕೆ, ಪಕ್ಕದಲ್ಲಿ ಪ್ರಜ್ವಲ್. ಆ ಕಡೆ ಮಾರ್ಥಾ ಎಂಬ ಹೆಂಗಸು. ಅವರೂ ನಾನೂ ವರ್ಷಗಳಿಂದ ಮೇಲ್ ಬರೆದುಕೊಂಡವರು, ಧ್ವನಿ ಕೇಳಿದ್ದು ಅದೇ ಮೊದಲು. ಕುಶಲ ಮುಗಿದ ಮೇಲೆ ನಾನು ನನ್ನ ಮುರುಕು ಇಂಗ್ಲಿಷಿನಲ್ಲಿ ಹೇಳಿದೆ, ದಿನಾ ಈ ಹೊತ್ತಿಗೆ ಮಾತಾಡಲು ನನಗೆ ಆಗುವುದಿಲ್ಲ, ಇದು ನಮ್ಮ ಮನೆಯ ಊಟದ ಹೊತ್ತು.

ಪ್ರಜ್ವಲ್ ತಟ್ಟನೆ ಫೋನಿನ ಮ್ಯೂಟ್ ಒತ್ತಿದರು. "ಮೇಡಂ, ಏನ್ ಮಾಡ್ತಿದೀರಾ? ಕಸ್ಟಮರ್ ಅವರು!"

"ಗೊತ್ತದ ರೀ," ಎಂದೆ. ಕೈ ಚಾಚಿ ಅದೇ ಗುಂಡಿಯನ್ನು ಮತ್ತೆ ಒತ್ತಿದೆ. ಆಮೇಲೆ ಯಾರೂ ಇಷ್ಟು ವರ್ಷ ಕೇಳದಿದ್ದ ಒಂದು ಪ್ರಶ್ನೆಯನ್ನು ಕೇಳಿದೆ: ನೀವು ಆಫೀಸಿಗೆ ಎಷ್ಟಕ್ಕೆ ಬರುತ್ತೀರಿ, ಮಾರ್ಥಾ?

ಏಳಕ್ಕೆ, ಎಂದರು ಅವರು. ಬೇಗ ಬಂದು ಬೇಗ ಹೋಗುತ್ತಾರಂತೆ, ಮೊಮ್ಮಗಳನ್ನು ಶಾಲೆಯಿಂದ ಕರೆದುಕೊಂಡು ಬರಬೇಕಂತೆ. ಪುಣೆಯವರಿಗೆ ಸಂಜೆಯೇ ಕೆಲಸ ಶುರುವಾಗುತ್ತದೆ ಎಂದು ತಿಳಿದು, ನಮ್ಮ ಕಾಲಿಗಾಗಿ ದಿನಾ ಮೂರೂವರೆ ತಾಸು ಕಾಯುತ್ತ ಕೂರುತ್ತಿದ್ದರಂತೆ. ಅವರ ಏಳು ಗಂಟೆ ಎಂದರೆ ನಮ್ಮ ನಾಲ್ಕೂವರೆ. ಅವರು ಗಡಿಯಾರ ತಿರುಗಿಸುವ ಚಳಿಗಾಲದಲ್ಲಿ ಐದೂವರೆ. ನಮ್ಮ ಕಾರ್ಖಾನೆಯ ಬಸ್ಸು ಮನೆಗೆ ಹೊರಡುವುದು ಆರಕ್ಕೆ. ಪ್ರಜ್ವಲ್ ಅಲ್ಲೇ ದಿನದ ಕಾಲ್ ಅನ್ನು ಆ ಹೊತ್ತಿಗೆ ಬದಲಿಸಿದರು. ಅವರಿಗಿಂತ ಮೊದಲಿದ್ದ ಮ್ಯಾನೇಜರು ಸಂಜೆ ಎಂದು ಇಟ್ಟದ್ದನ್ನು ಇವರು ಹಾಗೇ ಹೊತ್ತುಕೊಂಡು ಬಂದಿದ್ದರು ಅಷ್ಟೇ. ಬೇಡುವ ಕೈ ನಮ್ಮದು, ಬಗ್ಗಬೇಕಾದವರೂ ನಾವೇ ಎಂದು ನಾವೆಲ್ಲ ಮೊದಲೇ ಬಗ್ಗಿ ನಿಂತಿದ್ದೆವು. ಆ ಕಡೆಯವರು ನೋಡಿ, ಇವರು ನಿಲ್ಲುವುದೇ ಹೀಗೆ ಎಂದುಕೊಂಡಿದ್ದರು.

ಇಪ್ಪತ್ತೈದು ವರ್ಷದ ಸನ್ಮಾನದ ದಿನ ಪ್ರಜ್ವಲ್ ನಾನು ತಂದುಕೊಟ್ಟಿದ್ದ ಡಬ್ಬಿ ತೆರೆದು, ಗಡಿಯಾರವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಮೇಡಂ, ಇದ್ರಲ್ಲಿ ಒಂದೇ ಟೈಮ್ ಇದೆಯಲ್ಲ?"

"ಹೌದ್ರಿ. ನಂದು."

ಎಲ್ಲರೂ ಚಪ್ಪಾಳೆ ತಟ್ಟಿದರು. ಪ್ರಜ್ವಲ್ ಕೂಡ ತಟ್ಟಿದರು, ಸ್ವಲ್ಪ ತಡವಾಗಿ. ಮರುದಿನದಿಂದ ಅವರೂ ಆರರ ಬಸ್ಸಿನಲ್ಲಿ ಕಾಣಿಸಿಕೊಳ್ಳುತ್ತಿದ್ದಾರೆ.

ಈಗ ಮನೆಗೆ ಬಂದ ಕೂಡಲೇ ಗಡಿಯಾರ ಬಿಚ್ಚಿ ಹಿಟ್ಟಿನ ಡಬ್ಬಿಯ ಪಕ್ಕದಲ್ಲಿಡುತ್ತೇನೆ. ಅಡುಗೆಮನೆಯ ಗೋಡೆಯ ಗಡಿಯಾರ ಇನ್ನೂ ಹತ್ತು ನಿಮಿಷ ಮುಂದಿದೆ, ನಮ್ಮವರು ಅದನ್ನು ನೋಡಿ ಇನ್ನೂ ನಗುತ್ತಾರೆ. ಎರಡರಲ್ಲಿ ಯಾವುದು ಸರಿ ಎಂದು ನಿನ್ನೆ ಕೇಳಿದೆ. ಅವರು ಎರಡನ್ನೂ ನೋಡಲಿಲ್ಲ. ಬೆಂಕಿಯ ಮೇಲಿದ್ದ ರೊಟ್ಟಿಯನ್ನೇ ನೋಡುತ್ತ ಕೈ ಮಾಡಿ ಕರೆದರು:

"ಉಬ್ಬಲಿಕ್ಕೆ ಹತ್ಯದ. ತಾಟ ಹಿಡಿ."